ಪ್ರತಿ ಮತ್ತು ಪ್ರತಿಬಿಂಬ

ರಾಜಗೋಪಾಲನಗರದ ಮುಖ್ಯರಸ್ತೆಯಿಂದ ಯಾವ ಅಡ್ಡರಸ್ತೆಗೆ ತಿರುಗಿದರೂ ಲೇತಿನ ಸದ್ದು ಕೇಳುತ್ತದೆ. ಕೆಳಗೆ ಶೆಡ್ಡು, ಮೇಲೆ ಮನೆ. ಪೀಣ್ಯದ ಕಾರ್ಖಾನೆಗಳಿಗೆ ಬೇಕಾದ ಡೈ, ಮೋಲ್ಡ್‌ಗಳು ಇಂಥ ಶೆಡ್ಡುಗಳಲ್ಲೂ ತಯಾರಾಗುತ್ತವೆ. ನೋಡುವವರಿಗೆ ಇಲ್ಲಿನ ಆಸ್ತಿಯೆಂದರೆ ಯಂತ್ರ. ಒಳಗಿನವರನ್ನು ಕೇಳಿದರೆ ಡ್ರಾಯಿಂಗ್ ಎನ್ನುತ್ತಾರೆ. ಯಂತ್ರ ಕೆಟ್ಟರೆ ಸಾಲ ಮಾಡಿ ಇನ್ನೊಂದು ತರಬಹುದು. ಹತ್ತು ವರ್ಷ ತಿದ್ದಿ ತಿದ್ದಿ ಒಂದು ಹದಕ್ಕೆ ತಂದ ಡ್ರಾಯಿಂಗನ್ನು ಯಾವ ಬ್ಯಾಂಕೂ ಕೊಡುವುದಿಲ್ಲ.

ಇಂಥವರ ಫೈಲುಗಳಿಗೆ ಕ್ಲೌಡಿನಲ್ಲಿ ಜಾಗ ಮಾಡಿಕೊಡುವುದು ನನ್ನ ಕೆಲಸ. ಮೊದಲು ಎಲ್ಲವೂ ಪೆನ್‌ಡ್ರೈವ್‌ನಲ್ಲಿ ಓಡಾಡುತ್ತಿತ್ತು. ‘ಫೈನಲ್’, ‘ಫೈನಲ್ 2’, ‘ಹೊಸ ಫೈನಲ್’ ಎಂದು ಒಂದೇ ಡ್ರಾಯಿಂಗಿಗೆ ಮೂರು ಹೆಸರು. ಯಾವುದು ನಿಜವಾದ ಫೈನಲ್ ಎಂಬುದು ಯಾರಿಗೂ ಗೊತ್ತಿಲ್ಲ. ಹಂಚಿಕೆಯ ವಾಲ್ಯೂಮ್ ಬಂದರೆ ಈ ಗೊಂದಲ ತೀರುತ್ತದೆ. ವಾಲ್ಯೂಮ್ ಅಂದರೆ ದೂರದ ಡೇಟಾ ಸೆಂಟರಿನಲ್ಲಿರುವ ಒಂದು ಕಪಾಟು. ಎಷ್ಟು ದೊಡ್ಡದು, ಯಾರು ತೆರೆಯಬಹುದು, ಯಾರು ಓದಬಹುದು, ಯಾರು ಬರೆಯಬಹುದು ಎಂದು ಮೊದಲೇ ಗೊತ್ತುಮಾಡುತ್ತೇವೆ. ಆಮೇಲೆ ಅದು ಶೆಡ್ಡಿನ ಕಂಪ್ಯೂಟರಿನಲ್ಲಿ ‘ಝಡ್ ಡ್ರೈವ್’ ಆಗಿ ಕಾಣುತ್ತದೆ. ಡಿಸೈನ್ ಮಾಡುವವರೂ ಯಂತ್ರ ಓಡಿಸುವವರೂ ಒಂದೇ ಫೈಲನ್ನು ನೋಡುತ್ತಾರೆ.

ಎಲ್ಲವೂ ಒಂದೇ ಕಡೆ ಸೇರಿದ ಮೇಲೆ ಭಯವೂ ಒಂದೇ ಕಡೆ ಸೇರುತ್ತದೆ. ಆ ಕಡೆಯೇ ಮುಳುಗಿದರೆ? 2022ರ ಸೆಪ್ಟೆಂಬರಿನ ಮಳೆಗೆ ನಮ್ಮೂರಿನ ಹೊರವರ್ತುಲ ರಸ್ತೆ ಕೆರೆಯಾದದ್ದನ್ನು ಕಂಡವರಿಗೆ ಇದು ಬರೀ ಊಹೆಯಲ್ಲ. ಅದಕ್ಕೇ ರೆಪ್ಲಿಕೇಶನ್. ಮೂಲ ಮುಂಬೈಯಲ್ಲಿ, ನಕಲು ದೆಹಲಿಯಲ್ಲಿ. ಹತ್ತು ನಿಮಿಷಕ್ಕೊಮ್ಮೆಯೋ ಗಂಟೆಗೊಮ್ಮೆಯೋ ದಿನಕ್ಕೊಮ್ಮೆಯೋ, ಬದಲಾದಷ್ಟು ಮಾತ್ರ ಅಲ್ಲಿಗೆ ಹೋಗುತ್ತದೆ. ಅಲ್ಲಿಯತನಕ ದೆಹಲಿಯದನ್ನು ಓದಬಹುದು, ತಿದ್ದುವಂತಿಲ್ಲ. ಮುಂಬೈ ಕೈಕೊಟ್ಟ ದಿನ ನಂಟು ಕಡಿದರೆ ದೆಹಲಿಯದೇ ಮೂಲವಾಗಿ ಬರೆಯಲು ತೆರೆದುಕೊಳ್ಳುತ್ತದೆ. ಕೊನೆಯ ಸಲ ನಕಲಾದ ಮೇಲೆ ಮಾಡಿದ ಕೆಲಸ ಮಾತ್ರ ಹೋಗಬಹುದು. ಮುಂಬೈ ಚೇತರಿಸಿಕೊಂಡ ಮೇಲೆ ಹರಿವನ್ನು ತಿರುಗಿಸಿ ಎರಡನ್ನೂ ಸರಿಹೊಂದಿಸುತ್ತೇವೆ.

ಇಷ್ಟು ಕೇಳಿದವರು ನೆಮ್ಮದಿಯಾಗಿ ನಿದ್ದೆಮಾಡುತ್ತಾರೆ. ತೊಂದರೆಯಿರುವುದು ಆ ನೆಮ್ಮದಿಯಲ್ಲೇ.

ಒಂದು ಶೆಡ್ಡಿನಲ್ಲಿ ಹೊಸ ಹುಡುಗನೊಬ್ಬ ಜಾಗ ಖಾಲಿಮಾಡಲು, ಹಳೆಯದೆಂದುಕೊಂಡು ಒಂದು ಫೋಲ್ಡರ್ ಅಳಿಸಿದ. ಅದರಲ್ಲಿ ಇನ್ನೂ ಓಡುತ್ತಿದ್ದ ಮೋಲ್ಡ್‌ಗಳ ಡ್ರಾಯಿಂಗ್ ಇದ್ದವು. ಹಂಚಿಕೆಯ ಡ್ರೈವಿನಿಂದ ಅಳಿಸಿದ್ದು ಸಾಮಾನ್ಯವಾಗಿ ಕಂಪ್ಯೂಟರಿನ ಕಸದಬುಟ್ಟಿಗೆ ಬೀಳುವುದಿಲ್ಲ. ಫೋನ್ ಮಾಡಿದ ಮಾಲೀಕರ ದನಿಯಲ್ಲಿ ಗಾಬರಿಯೇ ಇರಲಿಲ್ಲ. “ಇನ್ನೊಂದು ಕಾಪಿ ಡೆಲ್ಲೀಲಿ ಇದೆಯಲ್ಲ ಸಾರ್, ಅಲ್ಲಿಂದ ಎತ್ಕೊಡಿ” ಎಂದರು. ದೆಹಲಿಯಲ್ಲೂ ಇರಲಿಲ್ಲ. ಅಳಿಸಿದ್ದೂ ಒಂದು ಬದಲಾವಣೆಯೇ ತಾನೆ? ಅದೂ ಚಾಚೂತಪ್ಪದೆ ಅಲ್ಲಿಗೆ ತಲುಪಿತ್ತು.

“ಹಂಗಾದ್ರೆ ಎರಡೆರಡು ಕಡೆ ದುಡ್ಡು ಕಟ್ಟೋದು ಯಾತಕ್ಕೆ ಸಾರ್?”

ಡ್ರಾಯಿಂಗ್‌ಗಳು ಸಿಕ್ಕಿದ್ದು ಸ್ನ್ಯಾಪ್‌ಶಾಟಿನಲ್ಲಿ. ಪ್ರತಿ ರಾತ್ರಿ ವಾಲ್ಯೂಮ್ ಇದ್ದ ಸ್ಥಿತಿಯನ್ನು ಹಾಗೇ ಹಿಡಿದಿಡುವ ಏರ್ಪಾಡು ಅದು; ಬದಲಾದಷ್ಟಕ್ಕೆ ಮಾತ್ರ ಜಾಗ ತಿನ್ನುತ್ತದೆ. ನಿನ್ನೆ ರಾತ್ರಿಯದರಿಂದ ಫೋಲ್ಡರನ್ನು ಎಳೆದು ತಂದೆವು. ಆದರೆ ಸ್ನ್ಯಾಪ್‌ಶಾಟ್ ಕೂಡ ಕಪಾಟಿನೊಳಗಿನ ಗುಪ್ತ ಖಾನೆಯೇ. ವಾಲ್ಯೂಮನ್ನೇ ಅಳಿಸಿದರೆ ಅದೂ ಹೋಯಿತು. ಹಾಗಾಗಿ ಬ್ಯಾಕಪ್ ಬೇರೆಯೇ ಇರಬೇಕು, ಅದರ ಬೀಗದಕೈ ಇನ್ನೊಬ್ಬರ ಬಳಿ ಇರಬೇಕು.

ಅವರ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೆ ನೆನಪಾದವಳು ದಾನಚಿಂತಾಮಣಿ ಅತ್ತಿಮಬ್ಬೆ. 10ನೇ ಶತಮಾನದಲ್ಲಿ ಆಕೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ನಾವೆಲ್ಲ ಶಾಲೆಯಲ್ಲೇ ಓದಿದ್ದೇವೆ. ಪೊನ್ನನಿಗೆ ಮನ್ನಣೆಯಿತ್ತ ರಾಷ್ಟ್ರಕೂಟರ ಆಳ್ವಿಕೆ 973ರಲ್ಲಿ ಮುಗಿಯಿತು, ಕಾವ್ಯ ಉಳಿಯಿತು. ಸಾವಿರ ದೊಡ್ಡ ಸಂಖ್ಯೆಯೇ. ಆದರೆ ನನ್ನ ಕಸುಬಿನ ಕಣ್ಣಿಗೆ ಬೀಳುವುದು ಇನ್ನೊಂದು: ಕೈಬಿಟ್ಟು ಹೋದ ಓಲೆಪ್ರತಿ ಮತ್ತೆ ಮೂಲದ ಮಾತು ಕೇಳುವುದಿಲ್ಲ. ಒಂದನ್ನು ಗೆದ್ದಲು ತಿಂದರೆ ಇನ್ನೊಂದಕ್ಕೆ ಅದರ ಸುದ್ದಿಯಿಲ್ಲ. ಲಿಪಿಕಾರನೊಬ್ಬ ಪದ್ಯ ಬಿಟ್ಟರೆ ಆ ತಪ್ಪು ಅವನ ಓಲೆಗೂ ಅದನ್ನು ನೋಡಿ ಬರೆದವರ ಓಲೆಗೂ ಸೇರಿದ್ದು, ಎಲ್ಲರದ್ದಲ್ಲ. ಈ ಭಿನ್ನತೆಯಿಂದಲೇ ನಮ್ಮ ಸಂಪಾದಕರು ಹಸ್ತಪ್ರತಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ಪಾಠಾಂತರಗಳನ್ನು ಹೋಲಿಸಿ, ಸರಿಯಾದ ಪಾಠ ಕಟ್ಟಿದರು.

ದೆಹಲಿಯಲ್ಲಿರುವುದು ಅಂಥ ಪ್ರತಿಯಲ್ಲ, ಪ್ರತಿಬಿಂಬ. ನಾವು ಕೈ ಎತ್ತಿದರೆ ಅದೂ ಎತ್ತುತ್ತದೆ, ನಾವು ಹಣೆ ಒರೆಸಿಕೊಂಡರೆ ಅದರ ಹಣೆಯ ಕುಂಕುಮವೂ ಅಳಿಸುತ್ತದೆ. ಪ್ರತಿಬಿಂಬ ಬೇಡವೆನ್ನುತ್ತಿಲ್ಲ. ನೀರು ನುಗ್ಗಿದಾಗ, ಬೆಂಕಿ ಬಿದ್ದಾಗ ಮರುಗಳಿಗೆಯೇ ಕೆಲಸಕ್ಕೆ ನಿಲ್ಲುವುದು ಅದೇ. ಆದರೆ ಮನುಷ್ಯ ಎಡವಿದಾಗ ಬೇಕಾಗುವುದು ನಮ್ಮ ಜೊತೆ ಎಡವದ, ನಿನ್ನೆಯಲ್ಲೇ ನಿಂತ ಪ್ರತಿ.

ಮಾಲೀಕರಿಗೆ ಇಷ್ಟೇ ಹೇಳಿದೆ: ಒಂದು ದುಡ್ಡು ಜಾಗ ಕೆಟ್ಟರೆ ಅಂತ, ಇನ್ನೊಂದು ದುಡ್ಡು ಕೈ ತಪ್ಪಿದರೆ ಅಂತ. ಅವರು ಒಪ್ಪಿದರು. ನಿಮ್ಮಲ್ಲಿ ಪ್ರಬಂಧ ಬರೆಯುತ್ತಿರುವವರು, ಕಥೆ ಕೂಡಿಡುತ್ತಿರುವವರು ಇದ್ದೀರಿ. ಲ್ಯಾಪ್‌ಟಾಪಿನದು ತಾನಾಗಿ ಫೋನಿಗೂ ಬರುತ್ತದೆಂಬ ಧೈರ್ಯವೂ ಇರಬಹುದು. ಇವತ್ತು ರಾತ್ರಿ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ನಾನೇ ಅಳಿಸಿದರೆ, ಅಳಿಸಿದ್ದು ಗೊತ್ತೇ ಆಗದ ಒಂದು ಪ್ರತಿ ಎಲ್ಲಾದರೂ ಇದೆಯೇ?