ಲಾಘವದ ಬೆಲೆ

ಹುಬ್ಬಳ್ಳಿ-ಧಾರವಾಡಗಳ ನಡುವಿನ ಸುಮಾರು ೨೦ ಕಿಲೋಮೀಟರಿನ ದಾರಿಯನ್ನು ದಿನಕ್ಕೆರಡು ಸಲ ಕ್ರಮಿಸುವ ವಿದ್ಯಾರ್ಥಿಗಳು ಬಹಳ. ಮುಂಜಾನೆಯ ಚಿಗರಿ ಬಸ್ಸಿನಲ್ಲಿ ಕುಳ್ಳಿರಲು ಸ್ಥಳ ದೊರೆಯದೆ ನಿಂತುಕೊಂಡೇ ಹೋಗುವ ಹುಡುಗಿಗೆ, ಬೆನ್ನ ಚೀಲದೊಳಗಿನ ಗಣಕಯಂತ್ರವು ಎರಡು ಕಿಲೋ ತೂಗುವದೋ ಒಂದೇ ಕಿಲೋ ತೂಗುವದೋ ಎಂಬದು ಅಲ್ಪ ಪ್ರಶ್ನೆಯಲ್ಲ. ಆದಕಾರಣ ಮಕ್ಕಳು ಸಣ್ಣ, ಹಗುರಾದ ಲ್ಯಾಪ್‌ಟಾಪನ್ನೇ ಬೇಡುವದು ಸಹಜ. ಆದರೆ ಐದಾರು ವರ್ಷಕ್ಕೊಮ್ಮೆ ಮಾತ್ರ ಇಂಥ ವೆಚ್ಚವನ್ನು ತಾಳಬಲ್ಲ ಮನೆಯಲ್ಲಿ ಆ ಒಂದೇ ಯಂತ್ರವು ಮಗಳ ವ್ಯಾಸಂಗಕ್ಕೂ, ತಂದೆಯ ಲೆಕ್ಕಪತ್ರಕ್ಕೂ, ಅಜ್ಜನ ಓದಿಗೂ ಒದಗಬೇಕು. ವಿಚಾರವು ತೊಡಕಾಗುವದು ಇಲ್ಲಿಯೇ.

ಪಾಣಿನಿಯು ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಭಾಷೆಯನ್ನೆಲ್ಲ ಅಡಗಿಸಿದನು. ಆ ಲಾಘವವನ್ನು ಬಿಡಿಸಿ ತೋರಿಸಲು ಕಾತ್ಯಾಯನನ ವಾರ್ತಿಕಗಳೂ ಪತಂಜಲಿಯ ಮಹಾಭಾಷ್ಯವೂ ಬೇಕಾದವು. ಯಂತ್ರದಲ್ಲಿ ಇಳಿಸಿದ ಭಾರವೂ ಹೀಗೆಯೇ ಬೇರೊಂದೆಡೆ ಬಂದು ಕೂಡುವದು.

೨೦೦೭ರಲ್ಲಿ ತೈವಾನದ ಆಸುಸ್ ಸಂಸ್ಥೆಯವರು ‘ಈ ಪಿಸಿ’ ಎಂಬ ಪುಟ್ಟ ಯಂತ್ರವನ್ನು ಹೊರತಂದರು. ೭ ಅಂಗುಲದ ತೆರೆ, ಒಂದು ಕಿಲೋಕ್ಕಿಂತ ಕಡಿಮೆ ತೂಕ, ಬೆಲೆಯೂ ಅಲ್ಪ. ‘ನೆಟ್‌ಬುಕ್’ ಎಂಬ ಜಾತಿಯೇ ಅದರಿಂದ ಬೆಳೆಯಿತು. ಆದರೆ ಅದರ ಕೀಲಿಗಳು ಬೆರಳಿಗಿಂತ ಕಿರಿದಾಗಿ ತೋರುತ್ತಿದ್ದವು; ವೇಗವೂ ಸಾಲದು. ೨೦೧೦ರಲ್ಲಿ ಐಪ್ಯಾಡ್ ಬಂದ ಮೇಲೆ ಆ ಜಾತಿಯು ಕ್ಷೀಣಿಸಿ, ೨೦೧೩ರ ಹೊತ್ತಿಗೆ ಬಹುಮಟ್ಟಿಗೆ ಮರೆಯಾಯಿತು. ೨೦೦೮ರಲ್ಲಿ ಆಪಲ್ ಸಂಸ್ಥೆಯವರು ಕಾಗದದ ಲಕ್ಕೋಟೆಯೊಳಗಿಂದ ತೆಗೆದು ತೋರಿಸಿದ ‘ಮ್ಯಾಕ್‌ಬುಕ್ ಏರ್’ ೧.೩೬ ಕಿಲೋ ತೂಗುತ್ತಿತ್ತು. ಕೀಲಿಮಣೆಯು ಪೂರ್ಣಪ್ರಮಾಣದ್ದು, ಬೆಲೆ ಮಾತ್ರ ೧,೭೯೯ ಡಾಲರು. ಇಂದಿನ ತೆಳು ಯಂತ್ರಗಳಲ್ಲಿ ಹೆಚ್ಚಿನವು ಈ ಎರಡನೆಯ ವಂಶದವು.

ಇವುಗಳ ಗುಣಗಳನ್ನು ಅಲ್ಲಗಳೆಯಲಾಗದು. ಒಳಗೆ ತಿರುಗುವ ತಟ್ಟೆಯಿಲ್ಲದ್ದರಿಂದ ಬಸ್ಸಿನ ಕುಲುಕಾಟಕ್ಕೆ ಸಂಗ್ರಹವು ಕೆಡುವ ಭಯ ಕಡಿಮೆ. ಒಮ್ಮೆ ಬ್ಯಾಟರಿ ತುಂಬಿಸಿದರೆ, ವಿದ್ಯುತ್ತು ಹೋದರೂ ಓದು ನಿಲ್ಲದು. ಆದರೆ ತೆಳುವಾಗಲೆಂದು ಅನೇಕ ಯಂತ್ರಗಳಲ್ಲಿ ಸ್ಮೃತಿಯನ್ನು, ಎಂದರೆ ರ‍್ಯಾಮನ್ನು, ಹಲಗೆಗೇ ಬೆಸೆದುಬಿಡುವರು. ಮೂರು ವರ್ಷದ ಮೇಲೆ ಅದು ಸಾಲದೆ ಹೋದರೆ ಹೆಚ್ಚಿಸುವ ಉಪಾಯವಿಲ್ಲ. ಫ್ಯಾನೇ ಇಲ್ಲದ ಯಂತ್ರವು ನಿಶ್ಶಬ್ದವಾಗಿರುವದು ನಿಜ. ಚೈತ್ರ-ವೈಶಾಖದ ಸೆಕೆಯಲ್ಲಿ ಭಾರವಾದ ಕೆಲಸ ಕೊಟ್ಟರೆ ಕಾವೇರಿ ಮಂದಗತಿಯಾಗುವದೂ ನಿಜ. ಪ್ರೊಜೆಕ್ಟರಿಗೆ ಜೋಡಿಸಲು ಪ್ರತ್ಯೇಕ ಕೊಂಡಿ ಬೇಕು; ಚಾರ್ಜರು ಹೇಗೂ ಬೇಕು. ತೂಕದ ಚೀಟಿಯಲ್ಲಿ ಇವು ಸೇರವು, ಚೀಲದಲ್ಲಿ ಸೇರುವವು.

ಕನ್ನಡದ ಮನೆಗಳಿಗೆ ಇನ್ನೊಂದು ಕಷ್ಟವುಂಟು. ಇದನ್ನು ಅಂಗಡಿಕಾರರು ಹೇಳುವದಿಲ್ಲ. ಇಂಗ್ಲಿಷಿನ ಅಕ್ಷರಗಳು ಬಹುಮಟ್ಟಿಗೆ ಒಂದೇ ಪಂಕ್ತಿಯಲ್ಲಿ ನಿಲ್ಲುವವು. ನಮ್ಮವು ಕೆಳಗೆ ಒತ್ತಕ್ಷರಗಳನ್ನು ಹೊತ್ತು ನಡೆಯುವವು. ಚಿಕ್ಕ ತೆರೆಯಲ್ಲಿ ಇಂಗ್ಲಿಷು ಸುಖವಾಗಿ ಓದಿಸಿಕೊಳ್ಳುವ ಗಾತ್ರದಲ್ಲಿಯೇ ಕನ್ನಡದ ಒತ್ತುಗಳು ಮಸಕಾಗಿ ತೋರುವವು. ಗಾತ್ರವನ್ನು ಹಿಗ್ಗಿಸಿದರೆ ಪುಟದಲ್ಲಿ ಸಾಲುಗಳು ಕಡಿಮೆಯಾಗುವವು. ಹದಿಹರೆಯದ ಕಣ್ಣುಗಳಿಗೆ ಇದು ತೊಂದರೆಯೆನಿಸದು. ಅಜ್ಜನಿಗೆ ಅನಿಸುವದು.

ಆದ್ದರಿಂದ ಒಂದೇ ಯಂತ್ರದ ಮನೆಗೆ ಅತ್ಯಂತ ಸಣ್ಣದಕ್ಕಿಂತ ೧೪ ಅಂಗುಲದ ತೆರೆಯ, ಒಂದೂವರೆ ಕಿಲೋದೊಳಗಿನ ಯಂತ್ರವೇ ಲೇಸು. ಮಕ್ಕಳಿಗೆ ಈ ಮಾತು ರುಚಿಸಲಿಕ್ಕಿಲ್ಲ. ಕೊಳ್ಳುವದಕ್ಕೆ ಮುಂಚೆ ಅಂಗಡಿಯಲ್ಲಿ ‘ಸ್ವಾತಂತ್ರ್ಯ’, ‘ರಾಷ್ಟ್ರ’ ಎಂಬ ಶಬ್ದಗಳನ್ನು ಸಾಧಾರಣ ಗಾತ್ರದಲ್ಲಿ ಮೂಡಿಸಿ, ಮನೆಯ ಹಿರಿಯರಿಂದ ಒಂದು ಮೊಳ ದೂರದಿಂದ ಓದಿಸಿ ನೋಡಬೇಕು. ಹಣ ಎಣಿಸುವದು ಆಮೇಲೆ.