ಮೂಗೂರಿ ನಿಲ್ಲುವ ವಿಮಾನ

ನಮ್ಮ ಸುಳ್ಯ, ಪುತ್ತೂರು ಕಡೆ ಜೀಪಿಗೆ ಅಡಿಕೆ ಮೂಟೆ ಹೇರುವವರಿಗೆ ಇದು ಗೊತ್ತು: ಎಷ್ಟು ಭಾರ ಅನ್ನೋದಷ್ಟೇ ಅಲ್ಲ, ಎಲ್ಲಿಟ್ಟಿದ್ದೀರಿ ಅನ್ನೋದೂ ಮುಖ್ಯ. ಹಿಂದೆ ಜಾಸ್ತಿಯಾದ್ರೆ ಏರಿನಲ್ಲಿ ಸ್ಟೇರಿಂಗ್ ಮಾತು ಕೇಳಲ್ಲ.

ಮನೆಯಲ್ಲೇ ಕಟ್ಟಿಕೊಳ್ಳಲೆಂದು ಬರ್ಟ್ ರುಟಾನ್ ವಿನ್ಯಾಸ ಮಾಡಿದ ಲಾಂಗ್-ಈಝಿ ವಿಮಾನಕ್ಕೆ ಇಂಜಿನ್ ಹಿಂದಿದೆ. ಪೈಲಟ್ ಇಳಿದ್ರೆ ಹಿಂದಕ್ಕೆ ಮಗುಚಬಹುದು! ಅದಕ್ಕೇ ಮುಂದಿನ ಚಕ್ರ ಮಡಚಿ, ಮೂಗು ನೆಲಕ್ಕೂರಿ ನಿಲ್ಲಿಸ್ತಾರೆ. ಬೆಂಗಳೂರಿನ ಎನ್ಎಎಲ್ 1980ರ ದಶಕದಲ್ಲಿ ಇದನ್ನೇ ಆಧರಿಸಿ ಎಲ್‌ಸಿಆರ್‌ಎ ಎಂಬ ವಿಮಾನ ಕಟ್ಟಿ ಹಾರಿಸಿತ್ತು.

ಲೆಕ್ಕ ಸುಲಭ. ಒಂದೊಂದು ಚಕ್ರದ ಮೇಲೂ ಬೀಳುವ ತೂಕವನ್ನು, ಗೊತ್ತುಮಾಡಿಕೊಂಡ ಒಂದು ಗೆರೆಯಿಂದ ಅದಕ್ಕಿರುವ ದೂರದಿಂದ ಗುಣಿಸಿ, ಎಲ್ಲಾ ಕೂಡಿ, ಒಟ್ಟು ತೂಕದಿಂದ ಭಾಗಿಸಿದರೆ ಗುರುತ್ವಕೇಂದ್ರ. ಅದು ಹಿಂದಿನ ಮಿತಿ ದಾಟಿದ್ರೆ, ಎದ್ದ ಮೂಗು ಮತ್ತೆ ಇಳಿಯದೇ ಹೋಗಬಹುದು.

ನಾನು ಬರೆಯೋ ಕೋಡಿಗಾದ್ರೆ ನಾಳೆ ಪ್ಯಾಚ್ ಹಾಕಬಹುದು... ಈ ಲೆಕ್ಕ ಮಾತ್ರ ನೆಲದ ಮೇಲೇ ಮುಗೀಬೇಕು. ಅಲ್ವಾ?