ಅವ್ವನ ತಲಿಶೂಲಿ ಮತ್ತು ನನ್ನ ಎಕ್ಸೆಲ್ ಶೀಟು

ಹಾಸ್ಟೆಲ್‌ನಲ್ಲಿ ನಮಗೆ ತಲೆನೋವು ಅಂದ್ರೆ ಇಂಟರ್ನಲ್ಸ್, ಇಲ್ಲಾ ರೂಮ್‌ಮೇಟ್. ಹೋದ ದಸರಾ ರಜೆಗೆ ಬನಹಟ್ಟಿಗೆ ಹೋಗಿ ಬಂದ ಮೇಲೆ ಆ ಪದವನ್ನ ಅಷ್ಟು ಹಗುರಾಗಿ ಆಡೋಕೆ ಆಗ್ತಿಲ್ಲ.

ನಮ್ಮದು ನೇಕಾರರ ಮನೆ. ಅಪ್ಪ ಮಗ್ಗದಲ್ಲಿ, ಅವ್ವ ರಾಟಿ ಮುಂದೆ ಕಂಡಿಕಿ ಸುತ್ತುತ್ತಾ. ಓಣಿ ತುಂಬ ಪವರ್‌ಲೂಮ್ ಸದ್ದು. ಕರೆಂಟ್ ಹೋಗಿ ಅದು ನಿಂತಾಗಲೇ ನಮಗೆ ಎಚ್ಚರಾಗೋದು. ನಾನು ಸಣ್ಣವನಿದ್ದಾಗಿಂದ ಅವ್ವನಿಗೆ ತಲಿಶೂಲಿ. ಒಂದೇ ಬದಿ ಧಡ್ ಧಡ್ ಅಂತ ಬಡಿಯೋದು, ವಾಂತಿ, ಬೆಳಕು-ಸದ್ದು ಆಗದು. ಹಣೆಗೆ ಬಟ್ಟೆ ಬಿಗಿದು, ಅಮೃತಾಂಜನ ಹಚ್ಚಿಕೊಂಡು, ಕತ್ತಲೆ ಕೋಣೆಯಲ್ಲಿ ಅಲುಗಾಡದೆ ಮಲಗೋಳು. ಕಿರಾಣಿ ಅಂಗಡಿಯಿಂದ ಗುಳಿಗೆ ತರೋದು ನನ್ನ ಕೆಲಸ. ಉಳಿದ ಚಿಲ್ಲರೆಗೆ ನನಗೊಂದು ಚಾಕಲೇಟು.

ಈ ಸಲ ಕಂಡಿಕಿ ಬುಟ್ಟಿಯ ತಳದಲ್ಲಿ ಖಾಲಿ ಗುಳಿಗೆ ಪಟ್ಟಿಗಳು ಸಿಕ್ಕವು. ಒಂದೆರಡಲ್ಲ.

"ದಿನಾ ತಗೋತಿ ಏನವ್ವಾ?"

"ತಗೊಳ್ಳಿಲ್ಲಂದ್ರ ಕೈ ಓಡಂಗಿಲ್ಲೋ ತಮ್ಮಾ. ನೀ ಫೀಸಿನ ಚಿಂತಿ ಮಾಡಬ್ಯಾಡ."

ನಾನು ಫೀಸಿನ ಮಾತೇ ಎತ್ತಿರಲಿಲ್ಲ.

ನಮ್ಮ ಕಡೆಯವರಿಗೆ ನರರೋಗದ ಡಾಕ್ಟರ್ ಅಂದ್ರೆ ಬಾಗಲಕೋಟೆ, ಬೆಳಗಾವಿ, ಇಲ್ಲಾ ಮಿರಜ್. ನಾವು ಬಾಗಲಕೋಟೆಗೆ ಹೋದ್ವಿ. ಓಪಿಡಿ ಬೆಂಚಿನ ಮೇಲೆ ಕೂತರೆ ಎಲ್ಲರ ಕತೆ ಎಲ್ಲರಿಗೂ ಗೊತ್ತಾಗುತ್ತೆ. ಮುಧೋಳದ ಕಡೆಯ ಕಬ್ಬು ಬೆಳೆಗಾರರೊಬ್ಬರಿಗೆ ದಿನಾ ರಾತ್ರಿ ಅದೇ ಹೊತ್ತಿಗೆ ಒಂದು ಕಣ್ಣಿನ ಸುತ್ತ ಚೂರಿ ಹಾಕಿದಂಗೆ ನೋವು. ಆ ಕಣ್ಣು ಕೆಂಪಾಗಿ ನೀರು, ಅದೇ ಕಡೆ ಮೂಗೂ ಸೋರೋದು, ತಾಸಿನೊಳಗೆ ಮಾಯ. ಮಲಗೋಕೆ ಆಗದೆ ಅಂಗಳದಲ್ಲಿ ಓಡಾಡ್ತಾರಂತೆ. ಹಲ್ಲಿನದು ಅಂತ ಎರಡು ಹಲ್ಲು ಬೇರೆ ಕೀಳಿಸಿಕೊಂಡಿದ್ದರು! ಕ್ಲಸ್ಟರ್ ತಲೆನೋವು ಹೀಗೇ ಇರುತ್ತೆ ಅಂತ ಆಮೇಲೆ ಓದಿದೆ. ಬೀಳಗಿಯ ಪಿಯುಸಿ ಹುಡುಗಿಗೆ ತಲೆ ಸುತ್ತ ಪಟ್ಟಿ ಬಿಗಿದಂಗೆ, ಎರಡೂ ಕಡೆ; ವಾಂತಿಯಿಲ್ಲ, ಓಡಾಡಿದರೆ ಹೆಚ್ಚಾಗಲ್ಲ. ಅದು ಟೆನ್ಷನ್ ಟೈಪ್. ನಮ್ಮ ಹಾಸ್ಟೆಲ್‌ನಲ್ಲಿ ಬಹುಪಾಲು ಇದೇ ಇರಬೇಕು.

ಸ್ಕ್ಯಾನ್ ಬರೀತಾರೆ ಅಂತ ಅಪ್ಪ ಸಾಲ ಮಾಡಿ ದುಡ್ಡು ಕಟ್ಟಿಕೊಂಡು ಬಂದಿದ್ದ. ಡಾಕ್ಟರ್ ಬರೀಲೇ ಇಲ್ಲ. ಕಣ್ಣೊಳಗೆ ಬೆಳಕು ಬಿಟ್ಟು ನೋಡಿದರು, ನಡೆಸಿದರು, ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರು. ಸಿಡಿಲು ಬಡಿದಂಗೆ ಒಮ್ಮೆಲೇ ಬಂದ ನೋವು, ಜ್ವರದ ಜತೆ ಕುತ್ತಿಗೆ ಸೆಟೆಯೋದು, ಕೈಕಾಲಲ್ಲಿ ಶಕ್ತಿ ಹೋಗೋದು, 50 ದಾಟಿದ ಮೇಲೆ ಹೊಸದಾಗಿ ಶುರುವಾದದ್ದು: ಇವಿದ್ದರೆ ಒಂದು ದಿನವೂ ಕಾಯಬಾರದು ಅಂದರು. ಅವ್ವನಿಗೆ ಯಾವುದೂ ಇರಲಿಲ್ಲ.

"ತಿಂಗಳದಾಗ ಎಷ್ಟ ದಿನ ಗುಳಿಗಿ ತಗೋತೀರಿ, ಅವ್ವಾರ?"

ಅವ್ವ ನನ್ನ ಮುಖ ನೋಡಿದಳು. "ದಿನಾನೂ ಅನ್ರಿ."

ಹಳೇದು ಮೈಗ್ರೇನ್, ಈಗಿನ ದಿನದಿನದ ನೋವು ಗುಳಿಗೆಯಿಂದಲೇ ಹುಟ್ಟಿದ್ದು ಅಂದರು. ಸಾದಾ ನೋವಿನ ಗುಳಿಗೆ ತಿಂಗಳಿಗೆ 15 ದಿನ, ಮಿಶ್ರಣದ್ದಾದರೆ 10 ದಿನ, ಹೀಗೆ ಮೂರು ತಿಂಗಳು ದಾಟಿದರೆ ಔಷಧಿಯೇ ತಲೆನೋವು ತರುತ್ತೆ. ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಪಾಸಿಟಿವ್ ಫೀಡ್‌ಬ್ಯಾಕ್ ಅಂತ ಬರೆದು ನಾನು ಮಾರ್ಕ್ಸ್ ತಗೊಂಡಿದ್ದೀನಿ. ಆ ಲೂಪ್‌ನಲ್ಲಿ ಗುಳಿಗೆ ತಂದುಕೊಡೋ ಬ್ಲಾಕ್ ನಾನೇ ಆಗಿದ್ದೆ.

ಬಂದ ಮೇಲೆ ಹುಚ್ಚು ಹಿಡಿದಂಗೆ ಓದಿದೆ. ನಿಮ್ಹಾನ್ಸ್‌ನವರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ 2,329 ಜನರನ್ನ ಕೇಳಿದ್ದರು. ಒಂದು ವರ್ಷದಲ್ಲಿ ನೂರಕ್ಕೆ ಸುಮಾರು 64 ಜನಕ್ಕೆ ತಲೆನೋವು, 25 ಜನಕ್ಕೆ ಮೈಗ್ರೇನ್. "ತಲಿ ಮ್ಯಾಲೆ ನೀರ ಹಾಕ್ಕೊಂಡ ದಿನ ಬರತೈತಿ" ಅಂತ ಅವ್ವ ಅಂದಾಗೆಲ್ಲ ನಾನು ನಗ್ತಿದ್ದೆ. ಮುಂಬೈಯ ಡಾ. ಕೆ. ರವಿಶಂಕರ್ ಅದರ ಬಗ್ಗೇನೇ 94 ರೋಗಿಗಳನ್ನ ನೋಡಿ ಪೇಪರ್ ಬರೆದಿದ್ದಾರೆ.

ಗುಳಿಗೆ ನಿಲ್ಲಿಸಿದ ಮೊದಲ ವಾರ ನೋವು ಹೆಚ್ಚಾಗುತ್ತೆ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ರಾತ್ರಿಗೊಂದು ಬೇರೆ ಗುಳಿಗೆ ಕೊಟ್ಟಿದ್ದರು, ನೋವಿರಲಿ ಬಿಡಲಿ ದಿನಾ ತಗೊಳ್ಳೋದು. ಅದರ ಗುಣ ಕಾಣೋಕೆ ವಾರಗಳು ಬೇಕು. ನಾಲ್ಕನೇ ರಾತ್ರಿ ಅವ್ವ ಗೋಡೆಗೆ ಹಣೆ ಒತ್ತಿ ಕೂತಿದ್ದಳು. "ಒಂದ ಕೊಡೋ. ಒಂದ." ನಾನು ಪಟ್ಟಿಯನ್ನ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಬಚ್ಚಿಟ್ಟಿದ್ದೆ. ಅರ್ಧ ತಾಸು ಇಲ್ಲ ಅಂದೆ. ಆಮೇಲೆ ಕೊಟ್ಟೆ. ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ. ಬೆಳಿಗ್ಗೆ ಶೀಟಿನಲ್ಲಿ ಬರೆದೆ: ದಿನ 4, ನೋವು 9, ಗುಳಿಗೆ 1.

ಈಗ ಪ್ರತಿ ಭಾನುವಾರ ಫೋನ್ ಮಾಡಿ ಶೀಟು ತುಂಬಿಸ್ತೀನಿ. ಹೋದ ವಾರ ಎಷ್ಟು ಗುಳಿಗೆ ಅಂತ ಕೇಳಿದೆ.

"ಒಂದ ನೋಡಪಾ," ಅಂದಳು ಅವ್ವ.

ಹಿಂದಿನಿಂದ ಮಗ್ಗ ನಿಲ್ಲಿಸಿ ಅಪ್ಪ ಕೂಗಿದ: "ಎರಡ!"